ನಲವತ್ತೆರಡನೆಯ ಪುಡಿ

ನಮ್ಮ ಕಾರಿಡಾರಿನ ಒಂದು ತುದಿಯಲ್ಲಿ ಪುಡಿಯಕ್ಕ ಮದ್ದು ಹುಟ್ಟಿಸುತ್ತಿದ್ದರು, ಇನ್ನೊಂದು ತುದಿಯಲ್ಲಿ ನಾನು ಅವನ್ನು ಕೊಲ್ಲುತ್ತಿದ್ದೆ. ಹೀಗೆ ಹೇಳುತ್ತಿದ್ದದ್ದು ನಾನಲ್ಲ, ಅವರೇ.

"ಬಾರಮ್ಮ ಮೋಡಮ್ಮ, ಇವತ್ತು ಯಾರು ಹೋದರು?" ಅಂತಲೇ ಅವರು ನನ್ನನ್ನು ಬಾಗಿಲಲ್ಲಿ ಎದುರುಗೊಳ್ಳುತ್ತಿದ್ದರು.

"ನಲವತ್ತೊಂದು," ಅಂದೆ ಒಂದು ದಿನ.

"ಸುಖವಾಗಿ ಹೋಯಿತಾ, ನರಳಿತಾ?"

"ಏನೂ ಮಾಡಲಿಲ್ಲ ಅಕ್ಕ. ಸುಮ್ಮನೆ ಕೂತಿತ್ತು."

"ನನ್ನ ತಮ್ಮನ ಹಾಗೆ," ಅಂದು ಅವರು ಗೋಡೆಯ ಪಟ್ಟಿಯಲ್ಲಿ ನಲವತ್ತೊಂದರ ಮೇಲೆ ಗೆರೆ ಎಳೆದರು. ಎಳೆಯುವಾಗ ಬೆನ್ನು ನನ್ನ ಕಡೆಗಿತ್ತು. ಅದು ಬೇಕೆಂದೇ ಅಂತ ನನಗೆ ಗೊತ್ತಿತ್ತು.

ಪುಡಿಯಕ್ಕ ರಸಾಯನಶಾಸ್ತ್ರದವರು. ಹನ್ನೊಂದು ವರ್ಷದಿಂದ ಒಂದೇ ಒಂದು ವೈರಸ್ಸಿನ ಹಿಂದೆ ಬಿದ್ದವರು. ಪುಟ್ಟ ಮಕ್ಕಳಿಗೆ ಎದೆ ಕಟ್ಟಿ ಉಸಿರು ಎಳೆಯುವಂತೆ ಮಾಡುವ ವೈರಸ್ಸು ಅದು. ಅದರದೇ ಒಬ್ಬ ಸಾಧು ದಾಯಾದಿಯನ್ನು ನಾವು ಪ್ರಯೋಗಕ್ಕೆ ಸಾಕಿಕೊಂಡಿದ್ದೆವು. ಅದನ್ನು ತಡೆಯಬಹುದು ಅನ್ನಿಸಿದ ಪುಡಿಗಳನ್ನು ಅಕ್ಕ ಒಂದೊಂದಾಗಿ ಮಾಡಿ, ಕರಗಿಸಿ, ಪುಟ್ಟ ಸೀಸೆಯಲ್ಲಿ ಕಳಿಸುತ್ತಿದ್ದರು. ಮೊದಲ ಇಪ್ಪತ್ತೇಳನ್ನು ನನಗಿಂತ ಮುಂಚೆ ಇದ್ದವರು ಕೊಂದಿದ್ದರು. ಆಮೇಲಿನ ಹದಿನಾಲ್ಕು ಪಾಪ ನನ್ನ ತಲೆಗೆ. ವೈರಸ್ ಕೋಣೆಗೆ ಅವರು ಒಮ್ಮೆಯೂ ಕಾಲಿಟ್ಟವರಲ್ಲ. "ನನ್ನ ಮಕ್ಕಳನ್ನ ಕೊಲ್ಲೋ ಜಾಗಕ್ಕೆ ನಾನ್ಯಾಕೆ ಬರಲಿ? ಸುದ್ದಿ ಮುಟ್ಟಿಸು ಸಾಕು."

ನನಗೆ ಮೋಡಮ್ಮ ಅಂತ ಹೆಸರಿಟ್ಟವರೂ ಅವರೇ. ಸೇರಿದ ಮೊದಲ ತಿಂಗಳು ನಾನು ಕಿಟಕಿಯಾಚೆ ನೋಡುತ್ತ, ಮುಚ್ಚಳ ಸಡಿಲ ಬಿಟ್ಟು, ಮೂರು ಫ್ಲಾಸ್ಕುಗಳಿಗೆ ಎಲ್ಲಿಂದಲೋ ಕ್ರಿಮಿ ಬೀಳಿಸಿದ್ದೆ. ತಿಳಿಯಾಗಿದ್ದ ನೀರು ಬೆಳಗಾಗುವಷ್ಟರಲ್ಲಿ ಮಬ್ಬು. "ತಲೇಲೂ ಮೋಡ, ಫ್ಲಾಸ್ಕಲ್ಲೂ ಮೋಡ," ಅಂದರು. ಅಷ್ಟೇ, ಸಂಬಳದ ಚೀಟಿಯಲ್ಲೊಂದು ಬಿಟ್ಟು ಎಲ್ಲ ಕಡೆ ನಾನು ಮೋಡಮ್ಮನಾದೆ.

ಮೋಡದಲ್ಲಿ ಇರುತ್ತಿದ್ದದ್ದು ನಿಜ. ನಾನು ಅಜ್ಜಿಯ ಕಥೆ ಕೇಳಿ ಬೆಳೆದವಳು. ಚಿಕ್ಕವಳಿದ್ದಾಗ ಅಜ್ಜಿ ಒಬ್ಬ ಅತಿಥಿಯ ಕಥೆ ಹೇಳುತ್ತಿದ್ದಳು. ಅವನಿಗೆ ಕೈಯಿಲ್ಲ, ಬಾಯಿಲ್ಲ, ಹೊಟ್ಟೆಯಿಲ್ಲ. ಮೈಯೆಲ್ಲ ಒಂದು ಅಂಗಿ, ಅಂಗಿಯೊಳಗೆ ಒಂದು ಚೀಟಿ. ಯಾವನೋ ಸಂಬಂಧಿಕನ ಸೋಗು ಹಾಕಿ ಮನೆಯೊಳಗೆ ನುಗ್ಗುತ್ತಾನೆ, ಅಂಗಿ ಬಿಚ್ಚುತ್ತಾನೆ, ಮಾಯವಾಗುತ್ತಾನೆ. ಉಳಿಯುವುದು ಚೀಟಿ. ಮನೆಯವರು ಓದುತ್ತಾರೆ: "ನನ್ನಂಥವರನ್ನ ನೂರು ಜನ ಮಾಡಿ ಕಳಿಸಿ." ಮನೆಯವರೋ ಶುದ್ಧ ಪೆದ್ದರು. ಚೀಟಿಯಲ್ಲಿ ಬರೆದಿದೆ ಅಂದಮೇಲೆ ಮಾಡಲೇಬೇಕು! ಇದ್ದಬದ್ದ ಹಿಟ್ಟು, ಸೌದೆ, ಬಟ್ಟೆಯನ್ನೆಲ್ಲ ಸುರಿದು ನೂರು ಅತಿಥಿಗಳನ್ನು ಮಾಡುತ್ತಾರೆ. ಆ ನೂರು ಜನ ಗೋಡೆ ಒಡೆದುಕೊಂಡು ಪಕ್ಕದ ಮನೆಗೆ ಹೋಗುತ್ತಾರೆ. ಕಾಲೇಜಿನಲ್ಲಿ ವೈರಸ್ಸಿನ ಪಾಠ ಬಂದ ದಿನ ನಾನು ಬೆಂಚಿನಿಂದ ಬೀಳುವುದೊಂದು ಬಾಕಿ. ಅರೆ, ಇವನು ನಮ್ಮಜ್ಜಿಯ ಅತಿಥಿ!

ಇವನನ್ನು ಹಿಡಿಯುವುದು ಯಾಕೆ ಕಷ್ಟ ಅಂದರೆ, ಅವನದು ಅಂತ ಹೆಚ್ಚೇನೂ ಇಲ್ಲ. ಒಲೆ ನಮ್ಮದು, ಹಿಟ್ಟು ನಮ್ಮದು, ಅಡುಗೆಯವರೂ ನಮ್ಮವರು. ಒಲೆ ಆರಿಸಿದರೆ ಮನೆಯೇ ಉಪವಾಸ. ಆದ್ದರಿಂದ ಪುಡಿಯಕ್ಕ ಹಿಡಿದದ್ದು ಬಾಗಿಲನ್ನು. ನಮ್ಮ ಜೀವಕೋಶಗಳ ಮೈಮೇಲೆ ತಮ್ಮ ಸಾಮಾನು ತರಿಸಿಕೊಳ್ಳಲು ಸಾವಿರಾರು ಪುಟ್ಟ ಬಾಗಿಲುಗಳಿರುತ್ತವೆ. ಅದರಲ್ಲೊಂದರ ಕಳ್ಳ ಕೀಲಿ ವೈರಸ್ಸಿನ ಕೈಯಲ್ಲಿದೆ. ಆ ಕೀಲಿಗೆ ಮೇಣ ಮೆತ್ತಿದ ಹಾಗೆ ಕೂರುವ ಪುಡಿಯೊಂದು ಸಿಕ್ಕಿದರೆ ಆಯಿತು.

ನನ್ನ ಕೆಲಸ ಇನ್ನೂ ಸರಳ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಗುಳಿಗಳು. ಪ್ರತಿ ಗುಳಿಯ ತಳಕ್ಕೂ ಕೋಶಗಳನ್ನು ಹಾಸುವುದು, ಪುಡಿ ಹಾಕುವುದು, ವೈರಸ್ ಬಿಡುವುದು, ಮೂರು ದಿನ ಕಾವುಪೆಟ್ಟಿಗೆಯಲ್ಲಿಟ್ಟು ಆಮೇಲೆ ನೇರಳೆ ಬಣ್ಣ ಹಚ್ಚುವುದು. ಬದುಕಿದ ಕೋಶಕ್ಕೆ ಬಣ್ಣ ಹತ್ತುತ್ತದೆ. ವೈರಸ್ ತಿಂದ ಕಡೆ ತೂತು, ನುಸಿ ತಿಂದ ರೇಷ್ಮೆಯ ಹಾಗೆ. ಪುಡಿಯಿಲ್ಲದೆ ಬರೀ ವೈರಸ್ ಬಿಟ್ಟಾಗ ಎಷ್ಟು ತೂತು ಬೀಳುತ್ತದೆ ಅಂತ ನೋಡಲು ಪ್ರತಿ ಸೋಮವಾರ ಯಾರಾದರೊಬ್ಬರು ಒಂದು ತಟ್ಟೆ ಮಾಡಿಡುತ್ತಿದ್ದರು. ಸೋಮವಾರದ ತಟ್ಟೆ ಅಂತಲೇ ಅದರ ಹೆಸರು. ಆ ವಾರ ಯಾರದೇ ಪ್ರಯೋಗವಿರಲಿ, ಹೋಲಿಸುವುದು ಅದಕ್ಕೇ. ಎಲ್ಲರ ಕೋಶಗಳೂ ಒಂದೇ ಫ್ಲಾಸ್ಕಿನಿಂದ ಬಂದವು ತಾನೇ?

ಎಲ್ಲರವೂ, ನನ್ನವು ಬಿಟ್ಟು.

ಕೋಶಗಳು ಫ್ಲಾಸ್ಕು ತುಂಬುವಷ್ಟು ಬೆಳೆದಾಗ ಒಂದಿಷ್ಟನ್ನು ಹೊಸ ಫ್ಲಾಸ್ಕಿಗೆ ಹಾಕಬೇಕು. ಹಾಗೆ ಮೂವತ್ತು ಸಲ ಮನೆ ಬದಲಾಯಿಸಿದ ಮೇಲೆ ಎಸೆಯಬೇಕು ಅನ್ನುವುದು ನಮ್ಮಲ್ಲಿ ನಿಯಮ. ವಯಸ್ಸಾದ ಕೋಶಗಳು ಸ್ವಭಾವ ಬದಲಿಸಿಬಿಡುತ್ತವೆ. ನನ್ನ ಹತ್ತಿರ ಒಂದು ಫ್ಲಾಸ್ಕಿತ್ತು, ಮೋಡಗಟ್ಟದೆ ನಾನು ಬೆಳೆಸಿದ ಮೊದಲನೆಯದು. ಮೂವತ್ತಾಯಿತು, ಎಸೆಯಲು ಮನಸ್ಸು ಬರಲಿಲ್ಲ. ಅರವತ್ತಾಯಿತು, ಈಗ ಎಸೆದರೆ ಅನ್ಯಾಯ ಅನ್ನಿಸಿತು. ನೂರ ಹನ್ನೊಂದರ ಹೊತ್ತಿಗೆ ಅದರ ಮೇಲೆ "ಅಜ್ಜಿ" ಅಂತ ಬರೆದು ಪೆಟ್ಟಿಗೆಯ ಹಿಂದಿನ ಮೂಲೆಯಲ್ಲಿಟ್ಟಿದ್ದೆ. ಸುಮ್ಮನೆ ಸಾಕಿಕೊಂಡಿದ್ದೆ ಅಷ್ಟೇ, ಪ್ರಯೋಗಕ್ಕೆ ಬಳಸುತ್ತಿರಲಿಲ್ಲ. ನಲವತ್ತೆರಡನೆಯ ಸೀಸೆ ಬಂದ ವಾರ ಎಲ್ಲರ ಫ್ಲಾಸ್ಕಿನಲ್ಲಿ ಕೋಶ ಸಾಲಲಿಲ್ಲ. ಒಂದೇ ಸಲ ತಾನೇ ಅಂತ ಅಜ್ಜಿಯಿಂದ ತೆಗೆದೆ.

ಮೂರನೆಯ ದಿನ ಬಣ್ಣ ತೊಳೆದು ಬೆಳಕಿಗೆ ಹಿಡಿದರೆ ಒಂದು ತೂತಿಲ್ಲ. ಸೋಮವಾರದ ತಟ್ಟೆಯಲ್ಲಿ ಗುಳಿಗೆ ಎಂಬತ್ತು ತೂತು. ನನ್ನದರಲ್ಲಿ ಇಸ್ತ್ರಿ ಮಾಡಿದ ನೇರಳೆ.

ನನ್ನನ್ನು ನಾನೇ ನಂಬದೆ ಇನ್ನೆರಡು ಸಲ ಮಾಡಿದೆ. ಏನೂ ವ್ಯತ್ಯಾಸವಾಗಬಾರದು ಅಂತ ಬಹಳ ಜಾಗ್ರತೆಯಿಂದ ಮತ್ತೆ ಅದೇ ಅಜ್ಜಿಯಿಂದಲೇ ಕೋಶ ತೆಗೆದೆ. ನನ್ನ ಜಾಗ್ರತೆಗಿಷ್ಟು!

ಕಾರಿಡಾರಿನುದ್ದಕ್ಕೂ ಓಡಿದೆ. ಪುಡಿಯಕ್ಕ ತಲೆಯೆತ್ತಿ, "ಯಾರು ಹೋದರು?" ಅಂದರು.

"ಯಾರೂ ಹೋಗಿಲ್ಲ ಅಕ್ಕ. ಮೂರು ಸಲ ನೋಡಿದೆ. ಒಂದು ತೂತೂ ಇಲ್ಲ."

ಅವರು ಕೈಗವಸು ತೆಗೆದರು. ಮತ್ತೆ ಹಾಕಿಕೊಂಡರು. ಆಮೇಲೆ ಕುರ್ಚಿಯಿದ್ದದ್ದು ಎಲ್ಲಿ ಅಂತ ಮರೆತು ನಿಂತಲ್ಲೇ ನಿಂತರು. "ನೀನು ವೈರಸ್ ಹಾಕೋದೇ ಮರೆತಿದ್ದೀಯ," ಅಂದರು ಕೊನೆಗೆ.

"ಮೂರು ಸಲವೂ?"

"ನೀನು? ಮೂವತ್ತು ಸಲ ಬೇಕಾದರೂ ಮರೀತೀಯ." ಆದರೆ ಕಣ್ಣು ನಗುತ್ತಿದ್ದವು.

ಆರು ವಾರ ಕಳೆದರೆ ಅವರಿಗೆ ನಿವೃತ್ತಿ. ಗುರುವಾರದ ಸಭೆಯಲ್ಲಿ ಮುಂದಿನ ಹಂತಕ್ಕೆ ಹೋಗುವ ಪುಡಿಗಳ ಪಟ್ಟಿ ಮುಗಿಯುವುದಿತ್ತು. ನಲವತ್ತೆರಡು ಅದರಲ್ಲಿ ಸೇರಿದರೆ ಪುಡಿಯಕ್ಕನ ಕೋಣೆ ಉಳಿಯುತ್ತದೆ, ಹೊಸಬರು ಬಂದು ಅವರ ಕೆಲಸ ಮುಂದುವರಿಸುತ್ತಾರೆ. ಸೇರದಿದ್ದರೆ ಕೋಣೆಗೆ ಇನ್ಯಾರದೋ ಸಾಮಾನು ಬರುತ್ತದೆ, ಹನ್ನೊಂದು ವರ್ಷದ ಪಟ್ಟಿ ಗೋಡೆಯಿಂದ ಇಳಿಯುತ್ತದೆ. ಎರಡೇ ದಿನದಲ್ಲಿ ಅವರು ತಂಗಿಗೆ ಹೇಳಿದ್ದರು, ತಮ್ಮನಿಗೆ ಹೇಳಿದ್ದರು, ಗೇಟಿನ ಕಾವಲಿನವರಿಗೂ ಹೇಳಿದ್ದರು. ಸಭೆಗೆಂದು ಕೂದಲಿಗೆ ಬಣ್ಣ ಹಾಕಿಸಿಕೊಂಡು ಬಂದರು.

"ನನ್ನ ತಟ್ಟೆ ಬಣ್ಣಕ್ಕೆ ಹೊಂದುತ್ತೆ ಅಕ್ಕ," ಅಂದೆ.

"ಬಾಯಿ ಮುಚ್ಚು. ಅಂಗಡಿಯವಳು ಕಪ್ಪು ಅಂತ ಹೇಳಿ ಹಾಕಿದಳು."

ನಮ್ಮ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಅವರು ಹೊಗಳುವ ಬದಲು ಕೆಲಸ ಕೊಡುವವರು. "ಸಂತೋಷ. ಈಗ ಪುಡೀನ ಎಂಟು ಅಳತೇಲಿ ಹಾಕಿ ತೋರಿಸು, ಒಂದು ಸಾಲಿಗೆ ಪುಡಿಯೇ ಬೇಡ. ದೊಡ್ಡ ತಟ್ಟೆ ತಗೋ," ಅಂದರು. ಅಷ್ಟು ದೊಡ್ಡ ತಟ್ಟೆಗೆ ಅಜ್ಜಿಯೊಬ್ಬಳೇ ಸಾಲಲಿಲ್ಲ. ಎಡಗಡೆಯ ಅರ್ಧಕ್ಕೆ ಎಲ್ಲರ ಫ್ಲಾಸ್ಕಿನ ಎಳೆಯ ಕೋಶ, ಬಲಗಡೆಯ ಅರ್ಧಕ್ಕೆ ಅಜ್ಜಿ. ಕೋಶವೆಂದರೆ ಕೋಶ, ಅದರಲ್ಲೇನು ಅಂದುಕೊಂಡೆ.

ಬುಧವಾರ ಮಧ್ಯಾಹ್ನ ಬಣ್ಣ ತೊಳೆದೆ. ತಟ್ಟೆ ಬೈತಲೆ ತೆಗೆದ ಹಾಗಿತ್ತು. ಎಡಗಡೆ ಪೂರ್ತಿ ತೂತು, ಪುಡಿ ಎಷ್ಟೇ ಹಾಕಿದ್ದರೂ ತೂತು. ಬಲಗಡೆ ಪೂರ್ತಿ ನೇರಳೆ. ಪುಡಿಯನ್ನೇ ಹಾಕದ ಸಾಲಿನಲ್ಲೂ ನೇರಳೆ.

ಎಷ್ಟು ಹೊತ್ತು ಹಿಡಿದುಕೊಂಡು ನಿಂತಿದ್ದೆನೋ. ಪುಡಿ ಏನೂ ಮಾಡಿರಲಿಲ್ಲ. ನೂರ ಹನ್ನೊಂದು ಮನೆ ಬದಲಾಯಿಸುವಷ್ಟರಲ್ಲಿ ನನ್ನ ಮುದಿ ಕೋಶಗಳು ಆ ಬಾಗಿಲನ್ನೇ ಕೈಬಿಟ್ಟಿದ್ದವು. ವೈರಸ್ಸು ಕಳ್ಳ ಕೀಲಿ ಹಿಡಿದುಕೊಂಡು ಗೋಡೆ ಸುತ್ತಿ ಸುತ್ತಿ ಸುಸ್ತಾಗಿ ಸತ್ತಿತ್ತು.

ಇದನ್ನು ಬೇರೆ ಯಾರೂ ನೋಡಿರಲಿಲ್ಲ. ಬಲಗಡೆಯ ಸಾಲುಗಳನ್ನಷ್ಟೇ ಹೊಸ ಪುಟದಲ್ಲಿ ಬರೆದು, ಸೋಮವಾರದ ತಟ್ಟೆಯ ಪಕ್ಕ ಇಟ್ಟರೆ ಸುಳ್ಳು ಅಂತ ಪತ್ತೆಯಾಗಲು ಕಡಿಮೆಯೆಂದರೂ ಒಂದು ವರ್ಷ ಬೇಕು. ಈ ಯೋಚನೆ ನನಗೆ ಬರಲಿಲ್ಲ ಅಂತ ಹೇಳಲಾರೆ. ಬಂದಿತು, ಆರಾಮಾಗಿ ಕಾಲು ಚಾಚಿ ಕೂತಿತು.

ಸಂಜೆ ಮನೆಗೆ ಬಂದಾಗ ಅಜ್ಜಿ, ಫ್ಲಾಸ್ಕಿನದಲ್ಲ, ನಿಜವಾದದ್ದು, ಬಾಲ್ಕನಿಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಳು. "ನಿನ್ನ ಅತಿಥಿ ಸಿಕ್ಕಿಬಿದ್ದನಾ?" ಅಂದಳು. ದಿನಾ ಕೇಳುವ ಪ್ರಶ್ನೆ.

ಎಲ್ಲ ಹೇಳಿದೆ. ಅಜ್ಜಿ ಉಗುರು ಬಿಟ್ಟು ಕೇಳಿದಳು.

"ನನ್ನ ಹೆಸರು ಯಾಕೆ ಇಟ್ಟೆ ಅದಕ್ಕೆ?"

"ಅಜ್ಜಿ, ಅದಲ್ಲ ವಿಷಯ."

"ನನಗೆ ಅದೇ ವಿಷಯ. ಬಾಗಿಲು ಕಳಕೊಂಡ ಮುದುಕಿಗೆ ನನ್ನ ಹೆಸರು!" ಸ್ವಲ್ಪ ಹೊತ್ತು ಗೊಣಗಿ, "ಆ ಪುಡಿ ಹೆಂಗಸಿಗೆ ಇನ್ನು ಆರು ವಾರ ತಾನೇ? ಹೇಳಬೇಡ ಬಿಡು. ನಗುನಗುತ್ತಾ ಹೋಗಲಿ. ಹೋದಮೇಲೆ ಯಾರು ಕೇಳ್ತಾರೆ?" ಅಂದಳು.

ಬುದ್ಧಿ ಹೇಳುತ್ತಾಳೆ ಅಂತ ಕಾದಿದ್ದವಳಿಗೆ ಇದು ಸಿಕ್ಕಿತು. "ನೀನು ಹೀಗನ್ನೋದಾ?"

"ಇನ್ನೇನು? ನೀನು ಅತ್ತಾಗೆಲ್ಲ ಕಥೆಯಲ್ಲಿ ಸತ್ತವರನ್ನ ನಾನು ಎಬ್ಬಿಸಿ ಕೂರಿಸ್ತಿರಲಿಲ್ಲವಾ? ಒಂದು ಸಲ ಒಂದು ಇಲೀನ ನಾಲ್ಕು ಸಲ ಎಬ್ಬಿಸಿದೀನಿ."

"ಆಗ ನನಗೆ ಐದು ವರ್ಷ, ಅಜ್ಜಿ."

"ಅವಳಿಗೆ ಐವತ್ತೊಂಬತ್ತು. ಅಳೋದಕ್ಕೆ ವಯಸ್ಸು ಯಾಕೆ?" ಅಂದು ಮತ್ತೆ ಉಗುರು ಹಿಡಿದಳು.

ಅಜ್ಜಿಯ ಆ ಇಲಿಯನ್ನು ನಾನು ಒಂದು ದಿನವೂ ನಂಬಿರಲಿಲ್ಲ. ನಾಲ್ಕನೆಯ ಸಲ ಅದು ಎದ್ದಾಗ ಅಳು ನಿಲ್ಲಿಸಿದ್ದು ಅಜ್ಜಿಗೆ ಬೇಜಾರಾಗಬಾರದು ಅಂತ. ಪುಡಿಯಕ್ಕನೂ ಹಾಗೆಯೇ ನನ್ನ ಮುಖ ನೋಡಿ ಕಂಡುಹಿಡಿದು, ನನಗೋಸ್ಕರ ನಂಬಿದ ಹಾಗೆ ನಟಿಸಿದರೆ?

ಗುರುವಾರ ಬೆಳಗ್ಗೆ ಸಭೆಗೆ ಎರಡು ಗಂಟೆ ಮುಂಚೆ ತಟ್ಟೆ ಹಿಡಿದು ಅವರ ಕೋಣೆಗೆ ಹೋದೆ. ಅವರು ಮೇಷ್ಟ್ರಿಗೆ ತೋರಿಸಲು ನಲವತ್ತೆರಡರ ಅಣುವಿನ ಚಿತ್ರವನ್ನು ದೊಡ್ಡದಾಗಿ ಬರೆಯುತ್ತಿದ್ದರು.

"ಅಕ್ಕ," ಅಂದೆ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. "ಇದೇನು, ಅರ್ಧ ತಲೆಗೆ ಬಣ್ಣ ಹಾಕಿಸಿಕೊಂಡ ಹಾಗಿದೆ?"

ಹೇಳಿದೆ. ಫ್ಲಾಸ್ಕು, ನೂರ ಹನ್ನೊಂದು, ಬಾಗಿಲು, ಪುಡಿಯಿಲ್ಲದ ಸಾಲು.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಅಂದರೆ ಬಾಗಿಲೇ ಇಲ್ಲದ ಮನೆಗೆ ನನ್ನ ಬೀಗ ಹಾಕಿ, ಕಳ್ಳ ಬರಲಿಲ್ಲ ಅಂತ ನನ್ನ ಕೈ ಕುಲುಕಿದೆ."

"ಹೂಂ."

"ನನ್ನ ತಂಗಿಗೆ ನೀನೇ ಫೋನ್ ಮಾಡು."

"ಮಾಡ್ತೀನಿ ಅಕ್ಕ."

"ಮಾಡ್ತಾಳಂತೆ!" ಮೂಗು ಸೀಟಿಕೊಂಡರು. ಪಟ್ಟಿಯ ಕಡೆ ಹೋಗಿ ನಲವತ್ತೆರಡರ ಮೇಲೆ ಪೆನ್ನಿಟ್ಟರು, ಎಳೆಯಲಿಲ್ಲ. ಬೆನ್ನು ತಿರುಗಿಸಿಯೇ ಕೇಳಿದರು, "ಸತ್ತದ್ದನ್ನ ಒಂದು ಸಲ ನೋಡಬಹುದಾ? ಹನ್ನೊಂದು ವರ್ಷದಲ್ಲಿ ಒಂದರ ಮುಖಾನೂ ನೋಡಿಲ್ಲ."

ಬಣ್ಣ ಹಚ್ಚದ ಜೋಡಿ ತಟ್ಟೆಯೊಂದು ಕಾವುಪೆಟ್ಟಿಗೆಯಲ್ಲೇ ಇತ್ತು. ವೈರಸ್ ಕೋಣೆಯ ದೊಡ್ಡ ನಿಲುವಂಗಿ ಅವರಿಗೆ ಮೊಣಕಾಲು ದಾಟಿ ನೆಲ ಗುಡಿಸಿತು. "ಮಗಳ ಮದುವೆಗೂ ಇಷ್ಟು ಬಟ್ಟೆ ತಗೊಂಡಿರಲಿಲ್ಲ," ಅಂದುಕೊಳ್ಳುತ್ತ ಮೈಕ್ರೋಸ್ಕೋಪಿನ ಮುಂದೆ ಕೂತರು. ಎಡಗಡೆಯ ಗುಳಿಯನ್ನು ಹೊಂದಿಸಿಕೊಟ್ಟೆ, ಪುಡಿ ಅತಿ ಹೆಚ್ಚು ಹಾಕಿದ್ದನ್ನು.

"ಈ ಉಂಡೆಯಾಗಿ ಎದ್ದಿರೋದು?"

"ಅವು ಸಾಯ್ತಿರೋ ಕೋಶಗಳು."

"ಪಾಪ." ತಟ್ಟೆಯನ್ನು ಬೆರಳಲ್ಲೇ ಚೂರು ಸರಿಸಿದರು. "ಈ ಸೂಜಿಗಳೇನು?"

"ಯಾವ ಸೂಜಿ?"

"ಕಣ್ಣಿಲ್ಲವಾ? ಗೊಂಚಲು ಗೊಂಚಲಾಗಿ ಬಿದ್ದಿವೆ."

"ಓ, ಅವಾ. ಮಂಜಿನ ಹೂ. ಒಮ್ಮೊಮ್ಮೆ ಬರ್ತವೆ ಅಕ್ಕ, ಏನೋ ಕಸ. ಚೆನ್ನಾಗಿರ್ತವೆ ಅಂತ ಪುಸ್ತಕದ ಅಂಚಿನಲ್ಲಿ ಚಿತ್ರ ಬರೆದಿಡ್ತೀನಿ."

ಪುಡಿಯಕ್ಕ ಮೈಕ್ರೋಸ್ಕೋಪಿನಿಂದ ತಲೆಯೆತ್ತಿದರು. ನನ್ನನ್ನು ಅಷ್ಟು ಹೊತ್ತು ಅವರು ಯಾವತ್ತೂ ನೋಡಿರಲಿಲ್ಲ.

"ಚಿತ್ರ ಬರೆದಿಡ್ತೀಯ."

"ಹೂಂ."

"ಮೋಡಮ್ಮ, ಅದು ಕಸ ಅಲ್ಲ ಕಣೇ. ಅದು ನಾನು ಕೊಟ್ಟ ಪುಡಿ! ನನ್ನ ಸೀಸೇಲಿ ಕನ್ನಡಿ ಹಾಗೆ ಕರಗಿರುತ್ತೆ. ನೀನು ಕೋಶಗಳನ್ನ ಸಾಕೋ ಸಾರಿನೊಳಗೆ ಬಿದ್ದ ತಕ್ಷಣ ಹರಳುಗಟ್ಟಿ ತಳ ಸೇರಿದೆ. ಕೀಲಿಗೆ ಮೆತ್ತಬೇಕಾದ ಮೇಣ ಹೊಸ್ತಿಲಲ್ಲೇ ಕಲ್ಲಾಗಿ ಬಿದ್ದಿದೆ, ಇವಳು ರಂಗೋಲಿ ಅಂತ ನೋಡ್ತಾ ಕೂತಿದ್ದಾಳೆ!"

ಬಣ್ಣ ಹಚ್ಚುವ ಮುಂಚೆ ತಟ್ಟೆ ತೊಳೆಯುತ್ತಿದ್ದೆವು. ಸೂಜಿಗಳೂ ತೊಳೆದು ಹೋಗುತ್ತಿದ್ದವು. ಲೆಕ್ಕಕ್ಕೆ ಬರುತ್ತಿದ್ದದ್ದು ತೂತುಗಳು ಮಾತ್ರ.

"ಇನ್ಯಾವುದರಲ್ಲಿ ನೋಡಿದೀಯ ಈ ಹೂಗಳನ್ನ?"

ನನ್ನ ಟಿಪ್ಪಣಿ ಪುಸ್ತಕ ತಂದೆ. ಇಬ್ಬರೂ ನೆಲದ ಮೇಲೆ ಕೂತು ಹಾಳೆ ತಿರುಗಿಸಿದೆವು. ಹದಿನಾಲ್ಕರಲ್ಲಿ ಆರಕ್ಕೆ ಅಂಚಿನಲ್ಲಿ ಹೂವಿತ್ತು. ಒಂದಕ್ಕೆ ಚಿಟ್ಟೆಯನ್ನೂ ಸೇರಿಸಿದ್ದೆ. ಚಿಟ್ಟೆಯ ಮೇಲೆ ಬೆರಳಿಟ್ಟು ಪುಡಿಯಕ್ಕ, "ಇದು ಮೂವತ್ಮೂರು. ಇದಕ್ಕೆ ನಾನು ಒಂದು ವಾರ ಊಟ ಬಿಟ್ಟಿದ್ದೆ," ಅಂದರು. ನಕ್ಕರೋ ಅತ್ತರೋ ಹೇಳಲಾರೆ, ಎರಡಕ್ಕೂ ಅವರ ಭುಜ ಒಂದೇ ಥರ ಕುಣಿಯುತ್ತದೆ.

ಸಭೆಯಲ್ಲಿ ನಾನೇ ಎದ್ದು ನಿಂತು ಹೇಳಿದೆ. ಫ್ಲಾಸ್ಕಿನ ಮಾತು ಬಂದಾಗ ಯಾರೋ ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. ಪಟ್ಟಿಯಲ್ಲಿ ನಲವತ್ತೆರಡನ್ನು ಹೊಡೆದು ಹಾಕಿ, ಇನ್ನು ಮುಂದೆ ಪ್ರತಿಯೊಬ್ಬರೂ ತಮ್ಮ ತಟ್ಟೆಯಲ್ಲೇ ಪುಡಿಯಿಲ್ಲದ ಸಾಲು ಇಡಬೇಕು ಅಂತ ಬರೆಸಿದರು. ಅಜ್ಜಿಯನ್ನು ಎಸೆಯಲು ಬಿಡಲಿಲ್ಲ. ಬಾಗಿಲಿಲ್ಲದ ಕೋಶ ಯಾರಿಗಾದರೂ ಬೇಕಾಗುತ್ತದೆ, ತಣ್ಣಗೆ ಹೆಪ್ಪುಗಟ್ಟಿಸಿಡು, ಹೆಸರು ಮಾತ್ರ ಬದಲಾಯಿಸು ಅಂದರು. ಆಮೇಲೆ ಪುಡಿಯಕ್ಕನ ಕಡೆ ತಿರುಗಿದರು.

"ನಿಮ್ಮ ಕೋಣೆ ಬಗ್ಗೆ ನನ್ನ ಕೈಲಿ ಏನೂ ಇಲ್ಲಮ್ಮ. ಆರು ವಾರ. ಅಷ್ಟೇ."

"ಕೋಣೆ ಯಾರಿಗೆ ಬೇಕು?" ಅಂದರು ಪುಡಿಯಕ್ಕ. "ಆರು ವಾರ ಇವಳ ಕೋಣೇಲಿ ನನಗೊಂದು ಸ್ಟೂಲು ಕೊಡಿ. ಇವಳು ಚಿತ್ರ ಬರೆಯೋದನ್ನ ನಾನು ಕಾಯಬೇಕು."

"ಆರು ವಾರದಲ್ಲಿ ಹದಿನಾಲ್ಕು ಪುಡಿ ಮತ್ತೆ ನೋಡೋಕಾಗುತ್ತಾ?"

"ನಲವತ್ತೆರಡೂ ನೋಡ್ತೀನಿ. ಕರಗಿದ್ದು ಯಾವುದು, ಕರಗದೆ ಇದ್ದದ್ದು ಯಾವುದು ಅಂತಾದರೂ ತಿಳಕೊಂಡು ಮನೆಗೆ ಹೋಗ್ತೀನಿ. ಕರಗದೆ ಇದ್ದದ್ದರ ಅಣುವಿನ ಬಾಲ ಬದಲಾಯಿಸಿದರೆ ಕರಗುತ್ತೆ. ಅದನ್ನ ಬರೆದಿಟ್ಟರೆ ಮುಂದೆ ಬರೋ ಯಾವನಾದರೂ ಮಾಡಿಯಾನು."

ಮೇಷ್ಟ್ರು ಸ್ಟೂಲು ಕೊಟ್ಟರು.

ಸೋಮವಾರ ಬೆಳಗ್ಗೆ ನಾನು ಬರುವಷ್ಟರಲ್ಲಿ ಪುಡಿಯಕ್ಕ ನಿಲುವಂಗಿಯ ಅಂಚನ್ನು ಪಿನ್ನು ಚುಚ್ಚಿ ಮೇಲೆತ್ತಿಕೊಂಡು ತಯಾರಾಗಿದ್ದರು. ನಾನು ಮೊದಲು ಕೊಂದದ್ದರಿಂದಲೇ ಶುರು ಮಾಡೋಣ ಅಂದರು. ಅದು ಇಪ್ಪತ್ತೆಂಟು. ಹೊಸ ಕೋಶ, ಅದೇ ತಟ್ಟೆಯಲ್ಲಿ ಪುಡಿಯಿಲ್ಲದ ಸಾಲು, ಎಂಟು ಅಳತೆ. ಮೂರು ದಿನ ಇಬ್ಬರೂ ಕಾವುಪೆಟ್ಟಿಗೆಯ ಬಾಗಿಲನ್ನು ಸುಮ್ಮನೆ ತೆರೆಯದ ಹಾಗೆ ಒಬ್ಬರನ್ನೊಬ್ಬರು ಗದರಿಕೊಂಡೆವು.

ಗುರುವಾರ ಮೈಕ್ರೋಸ್ಕೋಪಿಗೆ ಮೊದಲು ಕಣ್ಣಿಟ್ಟವಳು ನಾನು.

"ಕಥೆ ಬೇಡ," ಅಂದರು ಪಕ್ಕದಿಂದ. "ಕಂಡದ್ದು ಹೇಳು."

"ಸೂಜಿ ಇಲ್ಲ. ಒಂದೂ ಇಲ್ಲ."

"ಕೋಶ?"

"ಎದ್ದಿವೆ ಅಕ್ಕ. ಎಲ್ಲ ಉಂಡೆ ಉಂಡೆ. ಸಾಯ್ತಿವೆ."

ಅವರು ನನ್ನನ್ನು ಸೊಂಟದಿಂದ ತಳ್ಳಿ ತಾವೇ ಕೂತರು. ಒಂದೊಂದೇ ಗುಳಿಯನ್ನು, ಎಂಟೂ ಅಳತೆಯನ್ನು, ಸಾವಧಾನವಾಗಿ ನೋಡಿದರು. ಎದ್ದಾಗ ಮುಖದಲ್ಲಿ ನಾನು ಹೆದರಿದ್ದು ಏನೂ ಇರಲಿಲ್ಲ.

"ಚೆನ್ನಾಗಿ ಕರಗಿದೆ. ಕರಗಿಯೂ ಸೋತಿದೆ," ಅಂದು ಪೆನ್ನು ತೆಗೆದು, ನನ್ನ ಪುಸ್ತಕದಲ್ಲಿದ್ದ ಇಪ್ಪತ್ತೆಂಟರ ಮೇಲೆ, ಈ ಸಲ ನನ್ನ ಎದುರಿಗೇ, ಗೆರೆ ಎಳೆದರು. "ಇದನ್ನ ಕೊಂದದ್ದು ನೀನಲ್ಲ, ಹೋಗು. ಮೂವತ್ಮೂರು ತಾ."